ಕಾಳಿನ ಲೆಕ್ಕ

ಅಮಾಸಿಗೆ ಮಿಲ್ಲು ಬಂದ್.
ಗಂಗಾವತಿಯಿಂದ ಮೊದಲ ಬಸ್ಸು ಹಿಡಿದು
ಮುನಿರಾಬಾದಿನ ಹಿನ್ನೀರಿಗೆ ಬಂದಾಗ
ಹುಲಿಗೆವ್ವ ಹರಿಗೋಲನ್ನು ಛತ್ರಿಯಂತೆ ತಲೆಗೆ ಹೊತ್ತು
ದಡ ಇಳಿಯುತ್ತಿದ್ದಳು.

ತೊಡೆಯ ಮೇಲೆ ಮೂರು ರೀಲು.
ಅಕ್ಕಿಯ ಬಣ್ಣ ಆರಿಸುವ ಯಂತ್ರದ ರಿಪೇರಿಗೆ
ಕೊಯಮತ್ತೂರಿನಿಂದ ಬರುತ್ತಿದ್ದ ಸೆಲ್ವಮಣಿ
ಕೆಲಸ ಬಿಟ್ಟು ಹೋಗುವಾಗ ಕೊಟ್ಟ ಕೋಲು, ದಾರ.
"ಇದರ ತೂಕ ಗ್ರಾಮಲ್ಲ ಸಾರ್, ಗ್ರೇನು," ಅಂದಿದ್ದ,
"ಗ್ರೇನ್ ಅಂದರೆ ಕಾಳು."
ಹದಿನಾರು ವರ್ಷ ಭತ್ತದ ಲಾರಿ ತೂಗಿದವನಿಗೆ
ಕಾಳಿನಲ್ಲಿ ತೂಗುವ ದಾರ!
ನಗು ಬಂತು. ಆಮೇಲೆ ನಿದ್ದೆ ಬರಲಿಲ್ಲ.

ಹಳದಿಯದು ತೇಲುತ್ತದೆ.
ಬೂದಿಬಣ್ಣದ್ದು, ಇನ್ನೂರು ಕಾಳು,
ಒಲ್ಲದ ಮನಸ್ಸಿನಿಂದ ಮುಳುಗುತ್ತದೆ.
ಕಪ್ಪನೆಯದು, ಮುನ್ನೂರೈವತ್ತು,
ಕೈಗಡ ಕೇಳಿದಾಗ ಸಾವುಕಾರನ ಮುಖ ಇಳಿದಂತೆ
ಸರ್ರನೆ ಇಳಿಯುತ್ತದೆ.

ಕೊಕ್ಕೆಗೆ ನಾನೇ ಕಟ್ಟಿದ ಹುಸಿಮೀನು:
ಹುಂಜದ ಕತ್ತಿನ ಗರಿ, ಮೇಕೆ ಬಾಲದ ಕೂದಲು,
ದಾಕ್ಷಾಯಣಿಯ ಹಳೇ ಸೀರೆಯಂಚಿನ ಜರಿ ಎರಡೆಳೆ
(ಹೆಂಡತಿಯನ್ನು ಕೇಳಿ ತಗೊಂಡದ್ದಲ್ಲ).

"ಎಷ್ಟು ಆಳ ಐತವ್ವ ಇಲ್ಲಿ?"
ಹುಟ್ಟು ಅದ್ದಲಿಲ್ಲ ಆಕೆ, ನೀರಿನ ಬಣ್ಣ ನೋಡಿದಳು.
"ಮೂರಾಳು. ಕಾಲುವೆಗೆ ಬಿಟ್ಟಾರಲ್ಲ, ಹ್ವಾದ ತಿಂಗಳು ನಾಕಿತ್ತು.
ಚಳಿಗೆ ಬಾಳೆಮೀನು ಎರಡಾಳಿನ ಕೆಳಗ ಮಲಗಿರ್ತಾವು.
ಮ್ಯಾಲೆ ಬಂದು ನಿನ್ನ ಗರಿ ತಿನ್ನಾಕ
ಅವಕ್ಕೇನು ಹುಚ್ಚು ಹಿಡದೈತೇನು?"

ಹಾಗಾದರೆ ಕಪ್ಪು. ತೂಕದವನ ಬುದ್ಧಿ,
ಹೆಚ್ಚು ಇದ್ದದ್ದೇ ಸರಿ.
ಎಸೆದ ರಭಸಕ್ಕೆ ಹರಿಗೋಲು ಅರ್ಧ ಸುತ್ತು ತಿರುಗಿ
ಬೆನ್ನಿಗಿದ್ದ ಅಣೆಕಟ್ಟು ಎದುರಿಗೆ ಬಂತು.
ದಾರ ಇಳಿದೇ ಇಳಿಯಿತು, ಕೆಸರು ಮುಟ್ಟಿ
ಎಂದೋ ಮುಳುಗಿದ ಜಾಲಿಯ ಬೊಡ್ಡೆ ಹಿಡಿಯಿತು.
ಎಳೆದರೆ ಹರಿಗೋಲೇ ಅತ್ತ ಹೊರಟಿತು.
"ನೆಲಾ ತೂಗಾಕ ಬಂದೀಯೇನು?" ಅಂದಳು ಹುಲಿಗೆವ್ವ.
ಗರಿ, ಕೂದಲು, ಜರಿ, ಎಲ್ಲ ಜಾಲಿಗೆ.

ಡಬ್ಬಿಯಲ್ಲಿ ಇನ್ನೊಂದಿತ್ತು, ಜರಿಯಿಲ್ಲದ್ದು.
ಬೂದಿಬಣ್ಣದ ದಾರ ಪೋಣಿಸಿದೆ.
ತುದಿಗೆ ಮೂರೇ ಮೊಳ ಸಣ್ಣ ತಂಗೂಸಿ;
ಉದ್ದ ಬಿಟ್ಟರೆ ದಾರ ತಳದಲ್ಲಿ, ಹುಸಿಮೀನು ಮುಗಿಲಲ್ಲಿ.
ಇದಕ್ಕೆ ಕಾಯಬೇಕು. ಎಣಿಕೆಗೊಂದು ಮೊಳ.
ನಾನು ಗಡಿಯಾರ ನೋಡುತ್ತಿದ್ದೆ.
ಆಕೆ ಹುಟ್ಟು ಅಡ್ಡ ಹಿಡಿದು
ಕಣದಲ್ಲಿ ರಾಶಿ ಅಳೆಯುವ ದನಿಯಲ್ಲಿ ಶುರು ಮಾಡಿದಳು:

ಲಾಭ...
ಎರಡು...
ಮೂರು...
ಒಂದಕ್ಕೆ ಒಂದು ಅನ್ನದ ಎಣಿಕೆ.
ನಾಕು, ಐದು, ಆರು,
ಮತ್ತೊಂದು.
ಏಳಕ್ಕೆ ಏಳೆನ್ನುವಂತಿಲ್ಲ. ಏಳು ಅಂದರೆ
ಕಣದಲ್ಲಿ ಕೂತ ಲಕ್ಷ್ಮಿ ಎದ್ದು ಹೊರಡುತ್ತಾಳೆ.
ನಮ್ಮವ್ವನೂ ಹೀಗೇ ಎಣಿಸುತ್ತಿದ್ದಳು.
ಮಿಲ್ಲಿನ ಕಂಪ್ಯೂಟರಿಗೆ ಇದನ್ನು ಯಾರೂ ಕಲಿಸಿಲ್ಲ.

ಎಂಟು, ಒಂಬತ್ತು. ಎಳೆ, ಎಳೆ, ನಿಲ್ಲಿಸು.
ಎಳೆ, ಎಳೆ, ನಿಲ್ಲಿಸು.
ಬಿಸಿಲೇರುವವರೆಗೆ ಹನ್ನೊಂದು ಸಲ ಲಾಭವಾಯಿತು,
ಒಂದು ಮೀನೂ ಇಲ್ಲ.

ಹನ್ನೆರಡನೆಯದಕ್ಕೆ ಆಕೆ ಎಲೆಯಡಿಕೆ ಬಾಯಿಗಿಟ್ಟಳು.
ಎಣಿಕೆ ನನ್ನ ಪಾಲಿಗೆ ಬಂತು.
ಐದು. ಆರು.
ತುಟಿ ಅಲುಗದಂತೆ ಅಂದೆ:
ಏಳು.

ಎದ್ದಿತು.
ಇಳಿಯುತ್ತಿದ್ದ ದಾರದ ಆ ತುದಿಯಲ್ಲಿ ಯಾರೋ
ಬಾಗಿಲ ಅಗುಳಿ ಜಗ್ಗಿದಂತೆ.
ಹರಿಗೋಲು ಸುತ್ತಿತು, ಅಣೆಕಟ್ಟು, ಗುಡ್ಡ,
ಹುಲಿಗೆವ್ವ, ಮತ್ತೆ ಅಣೆಕಟ್ಟು,
ಬೆರಳ ಸಂದಿಯಲ್ಲಿ ದಾರ ಉರಿಯಿತು,
ಆಮೇಲೆ ಹಗುರ.
ಕೊಕ್ಕೆ ನೆಟ್ಟಗಾಗಿತ್ತು.

"ಏನಂದಿ?" ಎಲೆಯಡಿಕೆ ಉಗುಳಿ ಕೇಳಿದಳು.
"ಏನಿಲ್ಲ."
"ಸುಳ್ಳಾಡಬ್ಯಾಡ. ಅಂದಿ."
ದಡ ಮುಟ್ಟುವವರೆಗೆ ಮಾತಾಡಲಿಲ್ಲ.
ಕೂಲಿ ಮಾತ್ರ ಎಣಿಸಿಕೊಂಡಳು, ಲಾಭದಿಂದ.

ಪಾಡ್ಯದ ಬೆಳಗ್ಗೆ, ಲಾರಿಗಳು ಬರುವ ಮುಂಚೆ,
ಬೂದಿಬಣ್ಣದ ರೀಲನ್ನು ತೂಕದ ಹಲಗೆಯ ನಡುವೆ ಇಟ್ಟು
ಒಳಗೆ ಹೋಗಿ ನೋಡಿದೆ.
ಅರವತ್ತು ಟನ್ನು ತಾಳುವ ಹಲಗೆ;
ಇಪ್ಪತ್ತು ಕೇಜಿಗೆ ಕಮ್ಮಿಯದು ಅದಕ್ಕೆ ತೂಕವೇ ಅಲ್ಲ.
ಕೆಂಪು ಸೊನ್ನೆ ಅಲುಗಲಿಲ್ಲ.
ಎತ್ತಿಕೊಳ್ಳಲು ಹೋಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತೆ.
ಕಿಟಕಿಯಲ್ಲಿ ಅಂಕಿ ಅರವತ್ತಕ್ಕೆ ಏರಿ ನಿಂತಿತು:
ಅದು ಬರೀ ನಾನು.
ಬೆರಳ ಸಂದಿಯ ಗೆರೆ ಇನ್ನೂ ಚುರುಗುಟ್ಟುತ್ತಿತ್ತು.

ಹಿಂದೆ ಕಾರಟಗಿಯ ಭತ್ತ ಹೊತ್ತ ಲಾರಿ
ಹಾರನ್ ಹೊಡೆಯಿತು, ಎರಡು ಸಲ.
ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ:
"ಏಯ್ ಅಣ್ಣಾ, ತಕ್ಕಡಿ ಮ್ಯಾಲೆ ಕುಂತೀಯಲ್ಲ,
ಏಳು!"